‘ರುಚಿಗೆ ತಕ್ಕಷ್ಟು’ ಎಂದು ಬರೆಯಬೇಡ

ಪುಟ್ಟೀ, ನಿನ್ನ ಎಐ ಏಜೆಂಟಿಗೆಂದು ನೀನು ಕಳಿಸಿದ ಹನ್ನೊಂದು ಅನಲಿಟಿಕ್ಸ್ ಟೂಲ್‌ಗಳ ವಿವರಣೆಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ಕೋಡ್ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ವಿವರಣೆಗಳು ಮಾತ್ರ ಅಡುಗೆ ಪುಸ್ತಕದ ‘ಉಪ್ಪು ರುಚಿಗೆ ತಕ್ಕಷ್ಟು’ ಎಂಬ ಸಾಲಿನ ಹಾಗಿವೆ. ಹತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಅಷ್ಟು ಸಾಕು. ನಿನ್ನ ಏಜೆಂಟ್ ಇವತ್ತು ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟದ್ದು, ನಾಳೆ ಮತ್ತೆ ಹೊಸದಾಗಿಯೇ ಬರುತ್ತದೆ. ಟೂಲಿನ ಹೆಸರು, ವಿವರಣೆ, ಕೊಡಬೇಕಾದ ಇನ್‌ಪುಟ್‌ಗಳು, ಇಷ್ಟೇ ಅದರ ಕಣ್ಣಿಗೆ ಬೀಳುವುದು. 2024ರ ನವೆಂಬರ್‌ನಲ್ಲಿ ಬಂದ, ಏಜೆಂಟಿಗೆ ಟೂಲ್‌ಗಳನ್ನು ಜೋಡಿಸುವ ಎಂಸಿಪಿಯನ್ನು ಬಳಸಿದರೂ ಇದೇ ಕಥೆ. ಒಳಗೆ ನೀನು ಬರೆದ ಜಾಣ ಕೋಡ್ ಅದಕ್ಕೆ ಕಾಣಿಸುವುದಿಲ್ಲ. ಗೊತ್ತಾಗದಿದ್ದರೆ ನಿನ್ನ ಮೇಜಿನ ಹತ್ತಿರ ಬಂದು ಕೇಳುವುದೂ ಇಲ್ಲ, ಊಹಿಸಿ ಮುಂದೆ ಹೋಗುತ್ತದೆ.

ನಾನು ತಿಂದ ಪೆಟ್ಟು ಹೇಳುತ್ತೇನೆ. ಹಿಂದಿನ ಕೆಲಸದಲ್ಲಿ ನನ್ನ ಟೂಲಿಗೆ ‘ವೆಬ್‌ಸೈಟಿನ ಬಳಕೆದಾರರ ಸಂಖ್ಯೆ ಕೊಡುತ್ತದೆ’ ಎಂದಷ್ಟೇ ಬರೆದಿದ್ದೆ. ಕಳೆದ ವಾರ ಎಷ್ಟು ಜನ ಬಂದರು ಎಂದು ಮ್ಯಾನೇಜರ್ ಕೇಳಿದರು. ಏಜೆಂಟ್ ದಿನಕ್ಕೊಂದರಂತೆ ಏಳು ಅಂಕಿ ತಂದು ಕೂಡಿಸಿಬಿಟ್ಟಿತು. ದಿನಾ ದೇವಸ್ಥಾನಕ್ಕೆ ಹೋಗುವ ನಮ್ಮಜ್ಜಿಯನ್ನು ವಾರದ ಕೊನೆಗೆ ಏಳು ಜನ ಅಜ್ಜಿಯರು ಎಂದು ಲೆಕ್ಕ ಬರೆದ ಹಾಗೆ! ಆ ಅಂಕಿ ಸ್ಲೈಡಿಗೂ ಹೋಯಿತು, ಚಪ್ಪಾಳೆಯೂ ಬಿತ್ತು. ನಾಲ್ಕು ದಿನ ಕಳೆದ ಮೇಲೆ ಬಣ್ಣ ಬಯಲಾಯಿತು. ಏಜೆಂಟನ್ನು ಬೈದು ಏನು ಬಂತು? ‘ದಿನಗಳ ಅಂಕಿ ಕೂಡಿಸಬಾರದು, ಇಡೀ ಅವಧಿಗೆ ಒಂದೇ ಸಲ ಕೇಳಬೇಕು’ ಎಂದು ನಾನು ಎಲ್ಲೂ ಬರೆದಿರಲಿಲ್ಲ.

ಈ ಅನಲಿಟಿಕ್ಸ್‌ನಲ್ಲಿ ಪದಗಳೇ ಜಾರುಬಂಡೆ. ಗೂಗಲ್ ಅನಲಿಟಿಕ್ಸ್ 4ರಲ್ಲಿ ಆಕ್ಟಿವ್ ಯೂಸರ್ಸ್ ಬೇರೆ, ಟೋಟಲ್ ಯೂಸರ್ಸ್ ಬೇರೆ, ನ್ಯೂ ಯೂಸರ್ಸ್ ಬೇರೆ. ನೀನು ಬರೀ ‘ಯೂಸರ್ಸ್’ ಎಂದರೆ ಯಾವುದನ್ನು ಹಿಡಿಯಬೇಕು? ಬೌನ್ಸ್ ರೇಟ್ ಇನ್ನೂ ಮೋಸದ್ದು. 2023ರ ಜುಲೈ 1ಕ್ಕೆ ನಿಂತುಹೋದ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಒಂದೇ ಪುಟ ನೋಡಿ, ಬೇರೇನೂ ಒತ್ತದೆ ಹೋದವನು ಬೌನ್ಸ್. ಅವನು ಆ ಪುಟವನ್ನು ಐದು ನಿಮಿಷ ಮನಸ್ಸಿಟ್ಟು ಓದಿದ್ದರೂ ಸರಿಯೇ. ಈಗಿನದರಲ್ಲಿ ಸೆಷನ್ ಹತ್ತು ಸೆಕೆಂಡು ದಾಟಿದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ಒಂದು ಕೀ ಈವೆಂಟ್ ನಡೆದರೆ ಅದು ಬೌನ್ಸ್ ಅಲ್ಲ. ಏಜೆಂಟ್ ಓದಿ ಬೆಳೆದ ಬರಹಗಳಲ್ಲಿ ಹಳೆಯ ಅರ್ಥ ಬೇಕಾದಷ್ಟಿದೆ. ನೀನು ಬಿಡಿಸಿ ಹೇಳದಿದ್ದರೆ ಹೊಸ ಅಂಕಿಗೆ ಹಳೆಯ ವ್ಯಾಖ್ಯಾನ ಅಂಟಿಸಿ, ಪೂರ್ತಿ ಧೈರ್ಯದಿಂದ ವರದಿ ಕೊಡುತ್ತದೆ.

‘ನಿನ್ನೆ’ ಎಂಬ ಪದವನ್ನೂ ನಂಬಬೇಡ. ಅದು ಪ್ರಾಪರ್ಟಿಯ (ಗೂಗಲ್ ಅನಲಿಟಿಕ್ಸ್‌ನಲ್ಲಿ ನಿನ್ನ ಸೈಟಿನ ದತ್ತಾಂಶ ಸೇರುವ ಜಾಗದ) ಟೈಮ್ ಝೋನ್‌ನ ನಿನ್ನೆ. ಪ್ರಾಪರ್ಟಿ ಲಾಸ್ ಏಂಜಲೀಸ್ ಸಮಯದಲ್ಲಿದ್ದರೆ, ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಾದಾಗ ಅಲ್ಲಿನ್ನೂ ಹಿಂದಿನ ದಿನದ ರಾತ್ರಿ. ಜೊತೆಗೆ ದತ್ತಾಂಶ ಪೂರ್ತಿ ಸಿದ್ಧವಾಗಲು 24ರಿಂದ 48 ಗಂಟೆ ಹಿಡಿಯಬಹುದು. ಇದನ್ನು ವಿವರಣೆಯಲ್ಲೇ ಹೇಳು, ಇಲ್ಲದಿದ್ದರೆ ನಿನ್ನೆ ಜನ ಕಡಿಮೆಯಾದರು ಎಂದು ಏಜೆಂಟ್ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ರಿಯಲ್‌ಟೈಮ್ ಟೂಲ್ ಕೊಡುವುದು ಸಾಮಾನ್ಯವಾಗಿ ಕಳೆದ 30 ನಿಮಿಷದ್ದು ಮಾತ್ರ ಎಂಬುದೂ ಬರಲಿ. ಮಿತಿ ಹೇಳದೆ ವರದಿ ಕೇಳಿದರೆ ಎಪಿಐ 10,000 ಸಾಲಿಗೆ ನಿಲ್ಲಿಸುತ್ತದೆ. ಒಟ್ಟು ಸಾಲೆಷ್ಟು ಎಂಬ ಅಂಕಿಯನ್ನೂ ನೋಡು ಎಂದು ಒಂದು ವಾಕ್ಯ ಹಾಕು. ಪ್ರಾಪರ್ಟಿ ಐಡಿ ಬರೀ ಅಂಕಿ, ‘ಜಿ’ಯಿಂದ ಶುರುವಾಗುವುದು ಮೆಷರ್‌ಮೆಂಟ್ ಐಡಿ. ಒಂದು ಉದಾಹರಣೆ ಕೊಟ್ಟುಬಿಟ್ಟರೆ ಆ ಗೊಂದಲ ಮುಗಿಯಿತು.

ಹಾಗಂತ ಹರಿಕಥೆ ಮಾಡಬೇಡ. ಪ್ರತಿ ಪ್ರಶ್ನೆಗೂ ಹನ್ನೊಂದು ಟೂಲ್‌ಗಳ ವಿವರಣೆಯನ್ನೂ ಏಜೆಂಟ್ ಹೊತ್ತುಕೊಂಡೇ ತಿರುಗಬೇಕು. ‘ಅತ್ಯಂತ ಶಕ್ತಿಶಾಲಿ ಟೂಲ್’ ಎಂದು ಮೂರು ಕಡೆ ಬರೆದಿದ್ದೀಯಲ್ಲ, ಯಾರಿಗೆ ಮಾರುತ್ತಿದ್ದೀಯೇ? ಆ ಜಾಗದಲ್ಲಿ ಈ ಟೂಲ್ ಯಾವ ಪ್ರಶ್ನೆಗೆ ಬೇಡ, ಆಗ ಯಾವುದನ್ನು ಕರೆಯಬೇಕು ಎಂದು ಬರಿ. ಎರರ್ ಬಂದಾಗಲೂ ‘ತಪ್ಪಾಗಿದೆ’ ಎಂದು ಸುಮ್ಮನಾಗಬೇಡ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕೊಡು ಎಂದು ಹೇಳಿದರೆ ಎರಡನೇ ಸಲ ಸರಿಯಾಗಿ ಕೇಳುತ್ತದೆ.

ಬರೆದದ್ದನ್ನು ನಿನ್ನ ತಮ್ಮನಿಗೆ ಓದಲು ಕೊಡು. ಅವನಿಗೆ ಅನಲಿಟಿಕ್ಸ್ ಗಂಧಗಾಳಿ ಇಲ್ಲ, ಅದೇ ಒಳ್ಳೆಯದು. ಹತ್ತು ಪ್ರಶ್ನೆ ಕೇಳಿ, ಯಾವುದಕ್ಕೆ ಯಾವ ಟೂಲ್ ಎಂದು ಆರಿಸಲು ಹೇಳು. ಅವನು ಎಲ್ಲಿ ತಲೆ ಕೆರೆದುಕೊಳ್ಳುತ್ತಾನೋ ಅಲ್ಲಿ ತಿದ್ದು. ಆಮೇಲೆ ಅವೇ ಹತ್ತು ಪ್ರಶ್ನೆಗಳನ್ನು ಏಜೆಂಟಿಗೂ ಕೇಳಿ, ಬಂದ ಉತ್ತರವನ್ನು ಡ್ಯಾಶ್‌ಬೋರ್ಡಿನ ಅಂಕಿಯ ಪಕ್ಕ ಇಟ್ಟು ನೋಡು.

ಮಿಕ್ಕದ್ದನ್ನು ಭಾನುವಾರ ಊಟಕ್ಕೆ ಬಂದಾಗ ನೋಡೋಣ. ‘ಗೆಟ್ ಡೇಟಾ’, ‘ಫೆಚ್ ರಿಪೋರ್ಟ್’ ಎಂದು ಎರಡು ಇಟ್ಟಿದ್ದೀಯಲ್ಲ, ಯಾವುದು ಯಾತಕ್ಕೆ ಎಂದು ನನಗೇ ಗೊತ್ತಾಗಲಿಲ್ಲ. ಆ ಎರಡರ ಹೆಸರನ್ನು ಮಾತ್ರ ಇವತ್ತೇ ಬದಲಿಸು.