ಮರುಭೂಮಿಯ ಉದ್ಯಾನಕ್ಕೊಂದು ಅಧ್ಯಯನ ಪ್ರವಾಸ

ಭೂಗೋಳದ ಅಧ್ಯಾಪಕನಾಗಿ ನಾನು ಥಾರ್ ಮರುಭೂಮಿಯನ್ನು ನಕ್ಷೆಯ ಮೇಲೆ ಅನೇಕ ವರ್ಷ ಪಾಠ ಮಾಡಿದ್ದೇನೆ. ಶಾಲೆಯ ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳು ಮಕ್ಕಳೊಡನೆ ಅದನ್ನು ಪ್ರತ್ಯಕ್ಷವಾಗಿ ಕಾಣಲು ಹೊರಡುವುದಾದರೆ ಸಿದ್ಧತೆ ಹೇಗಿರಬೇಕೆಂಬುದನ್ನು ಇಲ್ಲಿ ನಿರೂಪಿಸುತ್ತೇನೆ.

ಅಲ್ಲಿಗೇ ಏಕೆ?
ಸೊಲ್ಲಾಪುರದ ಸಮೀಪದ ನಾನ್ನಜದಲ್ಲಿ 1979ರಲ್ಲಿ ಮಾಳಢೋಕ ಪಕ್ಷಿಯ ಅಭಯಾರಣ್ಯವಾಯಿತು. ನಮ್ಮ ಕನ್ನಡದಲ್ಲಿ ಅದು ಎರೆಭೂತ. ಈಗ ಅದು ಇಲ್ಲಿ ಕಾಣಸಿಗುವುದೇ ಅಪೂರ್ವ. ಬಯಲಿನಲ್ಲಿ ಉಳಿದಿರುವ ಸುಮಾರು 150 ಪಕ್ಷಿಗಳಲ್ಲಿ ಬಹುಪಾಲು ಜೈಸಲ್ಮೇರ ಜಿಲ್ಲೆಯಲ್ಲಿವೆ. ನಮ್ಮ ಮಕ್ಕಳು ತಮ್ಮೂರಿನ ಹಕ್ಕಿಯನ್ನು ನೋಡಲು ಅಷ್ಟು ದೂರ ಹೋಗಬೇಕಾದ ಕಾಲ ಬಂದಿದೆ.

ಉದ್ಯಾನದ ಸ್ವರೂಪ
1980ರಲ್ಲಿ ಘೋಷಿತವಾದ ಮರುಭೂಮಿ ರಾಷ್ಟ್ರೀಯ ಉದ್ಯಾನವು ಜೈಸಲ್ಮೇರ ಮತ್ತು ಬಾಡಮೇರ ಜಿಲ್ಲೆಗಳಲ್ಲಿ 3162 ಚದರ ಕಿ.ಮೀ. ಹರಡಿದೆ. ಇದರಲ್ಲಿ ಮರಳುದಿಬ್ಬಗಳು ಸುಮಾರು ಐದನೆಯ ಒಂದು ಭಾಗ ಮಾತ್ರ. ಉಳಿದದ್ದು ಕಲ್ಲುನೆಲ, ಗರಸು, ಹುಲ್ಲುಗಾವಲು. ಒಳಗೆ ಹಳ್ಳಿಗಳೂ ಇವೆ. ಅಲ್ಲಿನ ಖೇಜಡಿ ಮರವನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ ಅದು. ಅದರ ಸೊಪ್ಪು ದನಕರುಗಳಿಗೆ ಮೇವು, ಕಾಯಿ ಜನರಿಗೆ ಪಲ್ಯ.

ಕಾಲ ಮತ್ತು ಮಾರ್ಗ
ನವೆಂಬರದಿಂದ ಫೆಬ್ರುವರಿಯವರೆಗೆ ಯೋಗ್ಯ ಕಾಲ. ಬೇಸಿಗೆಯಲ್ಲಿ ತಾಪ 45 ಡಿಗ್ರಿ ದಾಟುತ್ತದೆ. ಚಳಿಗಾಲದ ರಾತ್ರಿಗಳಿಗೆ ಉಣ್ಣೆಯ ಬಟ್ಟೆ ಬೇಕು. ಜೋಧಪುರದಿಂದ ಜೈಸಲ್ಮೇರಿಗೆ ರೈಲೂ ಇದೆ, ರಸ್ತೆಯೂ ಇದೆ. ರಸ್ತೆಯಲ್ಲಿ ಹೋದರೆ ಜೈಸಲ್ಮೇರಿಗೆ 110 ಕಿ.ಮೀ. ಮೊದಲು ಪೋಖರಣ ಸಿಗುತ್ತದೆ. 1974 ಮತ್ತು 1998ರ ಅಣುಪರೀಕ್ಷೆಗಳಿಂದ ಹೆಸರಾದ ಈ ಚಿಕ್ಕ ಊರಿನಲ್ಲಿ ಹಳೆಯ ಕೋಟೆಯೊಂದಿದೆ.

ಜೈಸಲ್ಮೇರದಲ್ಲಿ ಎರಡು ದಿನ ತಂಗಬೇಕು. 1156ರಲ್ಲಿ ರಾವಲ ಜೈಸಲ ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಸಂಸಾರಗಳು ವಾಸಿಸುತ್ತವೆ. ಕಾಲುವೆಯ ನೀರು ಬರುವ ಮುನ್ನ ಊರಿಗೆ ಆಧಾರವಾಗಿದ್ದ ಗಡೀಸರ ಕೆರೆಯನ್ನೂ ನೋಡಬೇಕು. ಬಾಡಮೇರ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲದಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಈಗ ಹನಿ ನೀರಿಗೆ ತವಕಿಸುವ ನೆಲದಲ್ಲಿ ಒಮ್ಮೆ ಹೆಮ್ಮರಗಳ ಕಾಡಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೂರನೆಯ ದಿನ ಪಶ್ಚಿಮಕ್ಕೆ 40 ಕಿ.ಮೀ. ದೂರದ ಸಮ್ ದಿಬ್ಬಗಳು, ಸಮೀಪದ ಸುದಾಸರಿ. ನಾಲ್ಕನೆಯ ದಿನ ಖುಡಿ ಗ್ರಾಮ.

ಪಾಲಿಸತಕ್ಕ ನಿಯಮಗಳು
1. ಉದ್ಯಾನ ಪ್ರವೇಶಕ್ಕೆ ಜೈಸಲ್ಮೇರದಲ್ಲಿಯೇ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಪಶ್ಚಿಮಕ್ಕೆ ಪಾಕಿಸ್ತಾನದ ಗಡಿಯಿದೆ. ದಾರಿ ಬಿಟ್ಟು ಅಲೆಯಬಾರದು.
2. ಸ್ಥಳೀಯ ಚಾಲಕನನ್ನೇ ಗೊತ್ತು ಮಾಡಿಕೊಂಡು, ಪೆಟ್ರೋಲು, ಡೀಸೆಲನ್ನು ಪಟ್ಟಣದಲ್ಲಿಯೇ ತುಂಬಿಸಬೇಕು. ತಲೆಗೆ ದಿನಕ್ಕೆ 5 ಲೀಟರ್ ನೀರಿರಲಿ.
3. ದೂರವಾಣಿ ಎಲ್ಲೆಡೆ ಸಿಗದು. ಮರಳುವ ಹೊತ್ತನ್ನು ವಸತಿಗೃಹದಲ್ಲಿ ಬರೆಸಿ ಹೊರಡಬೇಕು.
4. ಹಕ್ಕಿಯನ್ನು ದುರ್ಬೀನಿನಿಂದ ಮಾತ್ರ ನೋಡಬೇಕು; ಬೆನ್ನಟ್ಟಬಾರದು.

ಈ ಕೊನೆಯ ನಿಯಮಕ್ಕೆ ಕಾರಣವಿದೆ. ಹೆಣ್ಣು ಹಕ್ಕಿ ಒಮ್ಮೆಗೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುತ್ತದೆ. 15 ಕಿಲೋವರೆಗೆ ತೂಗಬಲ್ಲ ಗಂಡಿಗೆ ಹಾರುವಾಗ ಎದುರಿನ ವಿದ್ಯುತ್ ತಂತಿ ಬೇಗ ಕಾಣದು. ಕಂಡಾಗ ಹೊರಳಲು ಸಮಯವಿರದು. ಆದುದರಿಂದ ಒಂದೊಂದು ಸಾವೂ ತುಂಬಲಾಗದ ನಷ್ಟ. 2019ರಿಂದ ಸಮ್‌ನಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿಗಳನ್ನು ಬೆಳೆಸುವ ಪ್ರಯತ್ನ ನಡೆದಿದೆ. ಆದರೆ ಬೆಳೆದ ಮರಿಗಳನ್ನು ಬಿಡಲು ಬಯಲು ಬೇಕಲ್ಲವೇ?

ಹಿಂದಿರುಗಿದ ಮೇಲೆ ಮಕ್ಕಳನ್ನು ಒಂದು ದಿನ ನಾನ್ನಜಕ್ಕೂ ಕರೆದೊಯ್ಯಿರಿ. ಎರಡೂ ಕಡೆಯ ಹುಲ್ಲು, ಮಣ್ಣು, ಹಕ್ಕಿಗಳನ್ನು ಹೋಲಿಸಿ ಬರೆಯಲು ಹೇಳಿರಿ. ಆ ಬರಹಗಳು ಶಾಲೆಯ ವಾಚನಾಲಯಕ್ಕೆ ಸೇರಲಿ. ಪ್ರವಾಸವು ಸುಖಕರವಾಗಲೆಂದು ಹಾರೈಸುತ್ತೇನೆ.