ಮೋಡ, ಕಲ್ಲು ಮತ್ತು ಬಾವಿಯ ನೀರು

ಮಹಾಲಿಂಗಪುರ ಸೀಮೆಯ ಒಕ್ಕಲಿಗರು ನೀರಿನಿಂದಾಗುವ ಎರಡು ಬಗೆಯ ಸಂಕಟಗಳನ್ನು ಬಲ್ಲರು. ಒಂದು ಹೊಲದಲ್ಲಿ ಬಾವಿ ಬತ್ತಿ ಬೆಳೆ ಒಣಗುತ್ತದೆ. ಕಾಲುವೆಯ ಕೆಳಗಿನ ಇನ್ನೊಂದು ಹೊಲದಲ್ಲಿ ನೀರು ಹೆಚ್ಚಾಗಿ ಭೂಮಿ ಸವಳಾಗುತ್ತದೆ. ಇವೆರಡಕ್ಕೂ ಮೂಲವಾದ ನಿಯಮವು ಒಂದೇ. ಅದನ್ನರಿತವನು ಎರಡಕ್ಕೂ ಉಪಾಯವನ್ನು ಕಾಣಬಲ್ಲನು. ಆದುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಿದೆ.

1. ಮೋಡವು ಹೇಗೆ ಆಗುತ್ತದೆ?

ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಸುವಾಗ ಉಗಿ ಏಳುವುದನ್ನು ಬೆಲ್ಲದ ಪೇಟೆಯಾದ ಈ ಊರಿನಲ್ಲಿ ನೋಡದವರಿಲ್ಲ. ಹಾಗೆಯೇ ಸೂರ್ಯನ ಶಾಖದಿಂದ ಸಮುದ್ರ, ಹೊಳೆ, ಹಸಿ ನೆಲ, ಗಿಡಗಳ ಎಲೆ ಇವುಗಳ ನೀರು ಆವಿಯಾಗುತ್ತದೆ. ಇದಕ್ಕೆ ನೀರು ಕುದಿಯಬೇಕೆಂದಿಲ್ಲ. ಹರವಿದ ಅರಿವೆ ಆರುವುದೂ ಇದೇ ಕ್ರಿಯೆ. ಗಾಳಿಯು ಮೇಲಕ್ಕೇರಿದಂತೆ ತಂಪಾಗುತ್ತದೆ. 1000 ಮೀಟರು ಎತ್ತರಕ್ಕೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಆಗ ಆವಿಯು ಧೂಳಿನ ಸೂಕ್ಷ್ಮ ಕಣಗಳ ಸುತ್ತ ಹನಿಗಟ್ಟುತ್ತದೆ. ಇಂಥ ಹನಿಗಳ ಸಮೂಹವೇ ಮೋಡ. ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಕೂಡಿದರೆ ಒಂದು ಮಳೆಹನಿ. ಕವಿದ ಮೋಡವೆಲ್ಲ ಮಳೆಯಾಗದಿರುವುದಕ್ಕೆ ಇದೇ ಕಾರಣ.

2. ನಮ್ಮಲ್ಲಿ ಮಳೆಯೇಕೆ ಕಡಿಮೆ?

ಮುಂಗಾರಿ ಗಾಳಿಯು ಅರಬ್ಬೀ ಸಮುದ್ರದ ಆವಿಯನ್ನು ಹೊತ್ತು ಬಂದು, ಸಹ್ಯಾದ್ರಿಗೆ ತಾಗಿ ಮೇಲಕ್ಕೇರಿ ಅಲ್ಲಿಯೇ ಮಳೆಗರೆಯುತ್ತದೆ. ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆಯುಂಟು. ಘಟ್ಟದಿಂದ ಈಚೆಗೆ ಇಳಿಯುವ ಗಾಳಿ ಬೆಚ್ಚಗಾಗಿ ಒಣಗುವುದರಿಂದ ಬಾಗಲಕೋಟೆ ಜಿಲ್ಲೆಗೆ ಸುಮಾರು 560 ಮಿಲಿಮೀಟರು ಮಾತ್ರ ದೊರೆಯುತ್ತದೆ.

ಆದರೆ ಘಟ್ಟದ ಮಳೆಯಲ್ಲಿ ನಮಗೂ ಪಾಲುಂಟು. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿಯು ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆಯು ಗೋಕಾಕದಲ್ಲಿ ಸುಮಾರು 52 ಮೀಟರು ಧುಮುಕಿ, ಮುಧೋಳವನ್ನು ಹಾಯ್ದು, ಕೃಷ್ಣೆಗೆ ಸೇರುತ್ತದೆ. ಕೃಷ್ಣೆಯು ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಅಲ್ಲಿಂದ ನೀರು ಮತ್ತೆ ಆವಿಯಾಗಿ ಏಳುತ್ತದೆ. ಇದೇ ಜಲಚಕ್ರ.

3. ನೆಲದೊಳಗಿನ ಕಲ್ಲು

ಗೋಕಾಕದ ಉಸುಕುಗಲ್ಲು, ಲೋಕಾಪುರದ ಸುಣ್ಣಗಲ್ಲು ಇವು ಬಹು ಪುರಾತನ ಕಾಲದಲ್ಲಿ ನೀರಿನಡಿ ಪದರಪದರವಾಗಿ ಕೂತು ಗಟ್ಟಿಯಾದವು. ಕಲಾದಗಿಯ ಹೆಸರಿನಿಂದಲೇ ಈ ಶಿಲಾವರ್ಗವನ್ನು ಭೂಗರ್ಭಶಾಸ್ತ್ರಜ್ಞರು ಕರೆಯುತ್ತಾರೆ. ಉತ್ತರಕ್ಕೆ ಹಬ್ಬಿದ ಕರಿಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಬೆಂಕಿರಸವು ಆರಿ ಆದುದು. ಆ ಕಲ್ಲು ಬಿಸಿಲು-ಮಳೆಗಳಿಂದ ಸವೆದು ಎರೆಮಣ್ಣಾಯಿತು.

ಅಖಂಡವಾದ ಕಲ್ಲು ನೀರನ್ನು ಹಿಡಿಯದು. ನೀರು ನಿಲ್ಲುವುದು ಕಲ್ಲಿನ ಬಿರುಕುಗಳಲ್ಲಿ ಮತ್ತು ಅದರ ಮೇಲಿನ ಗರಸಿನಲ್ಲಿ. ಆದುದರಿಂದಲೇ ಒಬ್ಬನ ಬಾವಿಗೆ ಸೆಲೆ ಸಿಕ್ಕು, ನೆರೆಯವನ ಬಾವಿ ಬರಿದಾಗುವುದುಂಟು. ಕೊಳವೆ ಬಾವಿಯನ್ನು ಆಳಕ್ಕೆ ಕೊರೆದ ಮಾತ್ರಕ್ಕೆ ನೀರು ಹುಟ್ಟುವುದಿಲ್ಲ; ಮಳೆಗಾಲದಲ್ಲಿ ಇಂಗಿದುದನ್ನೇ ಬೇಸಿಗೆಯಲ್ಲಿ ಎತ್ತುತ್ತೇವೆ.

4. ಭೂಮಿ ಸವಳಾಗುವ ಕಾರಣ

ಕೊಪ್ಪರಿಗೆಯಿಂದ ಉಗಿ ಹೋಗುತ್ತದೆ, ಬೆಲ್ಲ ಉಳಿಯುತ್ತದೆ. ಹೊಲದಲ್ಲಿಯೂ ಹಾಗೆಯೇ. ನೀರು ಕಲ್ಲು-ಮಣ್ಣುಗಳ ಲವಣವನ್ನು ಕರಗಿಸಿಕೊಳ್ಳುತ್ತದೆ. 1897ರಲ್ಲಿ ಧೂಪದಾಳದ ಒಡ್ಡು ಮುಗಿದಂದಿನಿಂದ ಘಟಪ್ರಭೆಯ ಕಾಲುವೆ ನೀರು ಕ್ರಮೇಣ ಹೆಚ್ಚು ಹೊಲಗಳಿಗೆ ಮುಟ್ಟಿದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದರೆ, ಎರೆಭೂಮಿಯಲ್ಲಿ ಅದು ಬೇಗ ಬಸಿದುಹೋಗದೆ ಅಂತರ್ಜಲ ಮೇಲಕ್ಕೇರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣು ಆ ನೀರನ್ನು ಎಳೆಯುತ್ತದೆ. ಬಿಸಿಲಿಗೆ ನೀರು ಆರುತ್ತದೆ. ಲವಣ ಮೇಲ್ಮಣ್ಣಿನಲ್ಲಿ ಬಿಳುಪಾಗಿ ಕೂಡುತ್ತದೆ.

ಪರೀಕ್ಷೆ: ಎರಡು ಪಾತ್ರೆಗಳಲ್ಲಿ ಸಮಪ್ರಮಾಣದ ಮಳೆನೀರನ್ನೂ ಬಾವಿನೀರನ್ನೂ ಬೇರೆಬೇರೆಯಾಗಿ ಪೂರ್ಣ ಇಂಗುವವರೆಗೆ ಕಾಸಿರಿ. ಬಾವಿನೀರಿನ ಪಾತ್ರೆಯ ತಳದಲ್ಲಿ ಉಳಿಯುವ ಬಿಳಿ ಹೊರಪದರವೇ ಇದಕ್ಕೆ ಸಾಕ್ಷಿ.

5. ಮಾಡತಕ್ಕ ಕೆಲಸಗಳು

(ಅ) ಒಂದು ಎಕರೆಯ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ಒಂದು ಲಕ್ಷ ಲೀಟರು ನೀರು. ಇದು ಓಡಿಹೋಗದಂತೆ ಇಳಿಜಾರಿಗೆ ಅಡ್ಡವಾಗಿ ಗಳೆ ಹೊಡೆದು, ಒಡ್ಡುಗಳನ್ನು ಭದ್ರಪಡಿಸಬೇಕು.

(ಆ) ಖುಷ್ಕಿ ಹೊಲದಲ್ಲಿ ಮಳೆಯ ನಂತರ ಹದವರಿತು ಹರಗಬೇಕು. ಬಿರುಕು ಮುಚ್ಚಿದರೆ ತೇವ ಉಳಿಯುತ್ತದೆ.

(ಇ) ಕಬ್ಬಿಗೆ ಬೆಳೆಯ ಅವಶ್ಯಕತೆಯಷ್ಟೇ ನೀರು ಕೊಡಬೇಕು. ಹನಿ ನೀರಾವರಿ ಉತ್ತಮ.

(ಈ) ಜವಳು ಹಿಡಿದ ಭೂಮಿಗೆ ಮೊದಲು ಬಸಿಗಾಲುವೆ ತೆಗೆಯಬೇಕು. ನೆರೆಹೊರೆಯವರು ಕೂಡಿ ತೆಗೆದರೆ ಮಾತ್ರ ನೀರಿಗೆ ಹೊರದಾರಿ ಸಿಕ್ಕುತ್ತದೆ.

(ಉ) ಮಣ್ಣಿನ ಪರೀಕ್ಷೆಯಾಗದೆ ಜಿಪ್ಸಮ್ ಹಾಕಬಾರದು; ಅದು ಎಲ್ಲ ಸವಳಿಗೂ ಮದ್ದಲ್ಲ.

ಮೋಡವನ್ನು ಕರೆತರುವುದು ಒಕ್ಕಲಿಗನ ಕೈಯಲ್ಲಿಲ್ಲ. ಬಿದ್ದ ನೀರನ್ನು ನಿಲ್ಲಿಸುವುದೂ, ನಿಂತ ನೀರನ್ನು ಬಸಿಯುವುದೂ ಅವನ ಕೈಯಲ್ಲಿಯೇ ಇವೆ.