ಸಮನ್ಸ್ ಬಂದರೆ ಜೈಲಾ?

ಅಮ್ಮಾ, ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ಮಗನಿಗೆ ಬಂದಿರುವುದು ಸಿವಿಲ್ ಕೇಸಿನ ಸಮನ್ಸ್. ಅವರ ಕಾರು ತಾಗಿ ಪೆಟ್ಟಾದವರು ಪರಿಹಾರ ಕೇಳಿದ್ದಾರೆ, ಅಷ್ಟೇ. ಇದಕ್ಕೆ ಯಾರೂ ಬೇಡಿ ತೊಡಿಸುವುದಿಲ್ಲ. ಆದರೆ ಸಮನ್ಸ್ ಕೈಸೇರಿದ 30 ದಿನದೊಳಗೆ ಕೋರ್ಟಿಗೆ ಲಿಖಿತ ಉತ್ತರ ಸಲ್ಲಿಸಲೇಬೇಕು. ನಮ್ಮೂರಿನಂತೆ ವಾಯಿದೆ ಮೇಲೆ ವಾಯಿದೆ ಸಿಗುತ್ತದೆಂದು ಕೂತರೆ, ಎದುರಿನವರು ಏಕಪಕ್ಷೀಯ ತೀರ್ಪು ಪಡೆದು ಸಂಬಳದಲ್ಲೇ ಒಂದು ಪಾಲು ಜಪ್ತಿ ಮಾಡಿಸಬಹುದು. ಇವತ್ತೇ ಕಾಗದಗಳನ್ನು ಕಾರಿನ ವಿಮಾ ಕಂಪನಿಗೆ ಕಳಿಸಲಿ. ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ವಕೀಲರನ್ನು ಕಂಪನಿಯವರೇ ನೇಮಿಸುತ್ತಾರೆ. ಮುಂದೆ ಡೆಪೊಸಿಷನ್ ಇರಬಹುದು: ಕೋರ್ಟಿನ ಹೊರಗೇ, ಹೆಚ್ಚಾಗಿ ವಕೀಲರ ಆಫೀಸಿನಲ್ಲಿ, ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ, ಪ್ರತಿ ಮಾತೂ ದಾಖಲಾಗುತ್ತದೆ. ಸೌಜನ್ಯಕ್ಕೆಂದು ‘ನನ್ನದೇ ತಪ್ಪು’ ಅಂದುಬಿಟ್ಟರೆ ಕಷ್ಟ. ಜ್ಯೂರಿಯವರೆಗೆ ಹೋಗುವ ಕೇಸುಗಳು ಕಡಿಮೆ, ಬಹಳಷ್ಟು ರಾಜಿಯಲ್ಲೇ ಮುಗಿಯುತ್ತವೆ. ಎದುರಿನವರಿಗೆ ನೀವೇ ಫೋನ್ ಮಾಡಿ ಮಾತಾಡುವ ಯೋಚನೆ ಮಾತ್ರ ಬಿಡಿ.